ಒಂದು ಬೀಜಕ್ಕೆ ಎಷ್ಟು ಯೋಚನೆ

ಬಿಜೂರಿನ ಗೇರುಬೀಜ ಕಾರ್ಖಾನೆಯಲ್ಲಿ ಬೀಜ ಆರಿಸುವ ಮೇಜಿನೆದುರು ಗಿರಿಜಾ ಕೂರಲು ತೊಡಗಿ ಇಪ್ಪತ್ತೆರಡು ವರ್ಷ. ಆ ಜಾಗ ಈಗ ಕೈತಪ್ಪುವುದರಲ್ಲಿತ್ತು.

"ನೀವು ನೋಡದೆಯೇ ಎಸೆಯುತ್ತಿದ್ದೀರಿ," ಎಂದ ರಜತ್. ಕೆಲಸದ ವೇಗ ಅಳೆಯಲು ಧಣಿಗಳು ಕರೆಸಿದ್ದವನು. ಮೂರು ದಿನ ಕ್ಯಾಮೆರಾ ಇಟ್ಟು ಇಡೀ ಮೇಜಿನ ಸರಾಸರಿ ಲೆಕ್ಕ ಕಟ್ಟಿದ್ದ: ಬೀಜ ಕಂಡು, ಒಳ್ಳೆಯದೋ ಹುಳುಕೋ ಎಂದು ತೀರ್ಮಾನಿಸಲು ಮನಸ್ಸಿಗೆ 1.3 ಸೆಕೆಂಡು, ಎತ್ತಿ ಹಾಕಲು ಕೈಗೆ 0.8. ಗಿರಿಜಾ ಎರಡನ್ನೂ 1.4ರಲ್ಲಿ ಮುಗಿಸುತ್ತಿದ್ದಳು. "ಅಂದರೆ ನೀವು ಯೋಚನೆಯನ್ನೇ ಮಾಡುತ್ತಿಲ್ಲ. ಸೋಮವಾರದಿಂದ ಸಿಪ್ಪೆ ತೆಗೆಯುವ ಕಡೆಗೆ ಹೋಗಿ."

ಅವನಿಗೆ ಗೊತ್ತಿರದ ಸಂಗತಿಯೊಂದಿತ್ತು. ಅಳೆಯುವವರು ಬಂದಾಗ, ನಿಧಾನದವರಿಗೆ ಕುತ್ತು ಬಾರದಿರಲೆಂದು, ಎಲ್ಲರೂ ಹಿರಿಯಳಾದ ಅಕ್ಕುವಿನ ಕೈಯ ವೇಗಕ್ಕೆ ಇಳಿಯುವುದು ಆ ಮೇಜಿನ ಹಳೆಯ ಕಟ್ಟಳೆ. ಗಿರಿಜಾಳ ಕೈ ಮಾತ್ರ ಗಳಿಗೆ ಹೊತ್ತು ನಿಧಾನಿಸಿ ಮತ್ತೆ ತನ್ನ ದಾರಿ ಹಿಡಿದಿತ್ತು.

"ಹುಳುಕ್ ಬೀಜ ಕಣ್ಣಿಗ್ ಕಾಂಬುಕ್ ಮುಂಚೆ ನನ್ ಬೆರಳಿಗ್ ಗೊತ್ತಾತ್ತ್. ಬೇಕಾರೆ ತಟ್ಟೆ ಕೊಡಿ, ಕಾಂಬ!"

ಅಕ್ಕು ಮೇಜಿನಡಿ ಅವಳ ಕಾಲು ತುಳಿದಳು. "ಹ್ವಾಯ್, ಸುಮ್ನಿರ್ ಮಾರಾಯ್ತಿ. ಇನ್ ನಿಧಾನ ಮಾಡ್ತೆ ಅಂದ್ ಹೇಳಿ ಮುಗ್ಸ್."

"ಇಷ್ಟ್ ವರ್ಷ ಕಣ್ಣ್ ಮುಚ್ಕಂಡ್ ಕೆಲ್ಸ ಮಾಡ್ದೆ ಅಂದ್ ಒಪ್ಕಂಬುದಾ? ನನ್ನತ್ರ ಆಪ್ದಲ್ಲ."

ರಜತ್ 258 ಒಳ್ಳೆಯ ಬೀಜಕ್ಕೆ 42 ಹುಳುಕು ಬೆರೆಸಿ ಮುಂದಿಟ್ಟ. ಗಿರಿಜಾ ಏಳು ನಿಮಿಷದಲ್ಲಿ ಮುಗಿಸಿದಳು. ಹುಳುಕಿನ ರಾಶಿಯಲ್ಲಿ 43 ಇದ್ದವು.

"ಒಂದು ತಪ್ಪು," ಎಂದ ರಜತ್, ಗೆದ್ದವನಂತೆ.

ಅವಳು ರಾಶಿಯಲ್ಲಿ ಹೊರಗಿನಿಂದ ಒಳ್ಳೆಯದಾಗಿ ಕಾಣುತ್ತಿದ್ದ ಆ ಒಂದು ಬೀಜವನ್ನು ಹುಡುಕಿ ಎರಡಾಗಿ ಸೀಳಿದಳು. ಒಳಗೆ ಹುಳ ಕೊರೆದ ಕಪ್ಪು ಗೆರೆ. "ಇದ್ ನೀವ್ ಯೋಚ್ನೆ ಮಾಡಿ ಆರ್ಸಿದ್ದಾ?"

ಮೇಜಿನ ಸುತ್ತ ಯಾರೂ ನಗಲಿಲ್ಲ. ರಜತ್ ಕ್ಷಮೆ ಕೇಳಲಿಲ್ಲ. "ನೀವು ಇಲ್ಲೇ ಇರಿ," ಎಂದಷ್ಟೇ ಹೇಳಿ ಟ್ಯಾಬ್ಲೆಟ್‌ನಲ್ಲಿ ಏನೋ ತಿದ್ದಿದ.

ಸೋಮವಾರ ಗೋಡೆಗೆ ಹೊಸ ಹಾಳೆ ಅಂಟಿತ್ತು. ಇನ್ನು ಮುಂದೆ ಪ್ರತಿಯೊಬ್ಬರಿಗೂ ಬೀಜಕ್ಕೆ 1.4 ಸೆಕೆಂಡು. ಅಷ್ಟರಲ್ಲಿ ಆಗದವರು ಸಿಪ್ಪೆಯ ಕಡೆಗೆ. ಕೆಳಗೆ ಬರೆದಿದ್ದ ಅಂಥವರ ಹೆಸರುಗಳಲ್ಲಿ ಮೊದಲನೆಯದು ಅಕ್ಕುವಿನದು.

ಅಕ್ಕು ತನ್ನ ಸ್ಟೂಲ್ ಎತ್ತಿಕೊಂಡು ಎದ್ದಳು.

"ಅಕ್ಕಾ, ನಾನ್ ನಿಮ್ಗೆ..." ಗಿರಿಜಾಳ ಕೈ ಬೀಜದ ಮೇಲೆ ನಿಂತಿತು.

ಅಕ್ಕು ಸಿಪ್ಪೆಯ ಕಡೆಗೆ ನಡೆದಳು. ಪಕ್ಕದಲ್ಲಿ ಕೂರುವ ಅನಿಷಾ ತಲೆಯೆತ್ತದೆ ಹೇಳಿದಳು: "ಯೋಚ್ನೆ ಮಾಡ್ತಾ ಕೂರ್ಬೇಡ ಗಿರಿಜಕ್ಕ. ಅದ್ಕ್ ಟೈಮ್ ಇಲ್ಲೆ. ನೀನೇ ಮಾಡಿ ತೋರ್ಸಿದ್ದಲ್ದಾ?"