ಹಡಗಿನ ಬಲಮಗ್ಗುಲು

ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗದಗಿನ ನಮ್ಮ ತವರಿನವರೆಲ್ಲ ಹೇಳುತ್ತಾರೆ. ಹೇಳಲಿ. ತೊಂಬತ್ತೊಂದರಲ್ಲಿ ಅದು ಅಲ್ಲಿರುವುದಕ್ಕೆ ಕಾರಣವೂ ಇತ್ತು. ಅದರ ಹಿಂದಿನ ವರ್ಷ ವಿಜಯವಾಡದ ಹವ್ಯಾಸ ಪ್ರದರ್ಶನಕ್ಕೆ ನಾನು ಪ್ಲಾಸ್ಟಿಕ್ಕಿನ ಯುದ್ಧನೌಕೆಯೊಂದನ್ನು ಮಾಡಿ ಕಳಿಸಿದ್ದೆ. ಎರಡನೆಯ ಬಹುಮಾನ ಬಂತು. ಆದರೆ ಅದರ ಮುಂದಿಟ್ಟ ಚೀಟಿಯಲ್ಲಿ ‘ರಮಾಕಾಂತ, ನೌಕಾಪಡೆ’ ಎಂದಿತ್ತು. ರಮಾಕಾಂತ ನನ್ನ ಗಂಡ. ಆ ಮಾದರಿಗೆ ಅವರು ಮಾಡಿದ ಸೇವೆಯೆಂದರೆ ಒಮ್ಮೆ ಅದರ ಮೇಲೆ ಒದ್ದೆ ಟವೆಲ್ ಹರವಿದ್ದು.

ಚೀಟಿ ಬರೆದವರು ಇಂದುಧರ. ತುಮಕೂರಿನವರು, ದ್ವಾರಕಾ ನಗರದ ಬ್ಯಾಂಕೊಂದರಲ್ಲಿ ಆಫೀಸರು. ವಿಶಾಖಪಟ್ಟಣದಲ್ಲಿ ಮಾದರಿ ಕಟ್ಟುವ ನಾಲ್ಕಾರು ಜನರನ್ನು ಸೇರಿಸಿ ಕ್ಲಬ್ಬು ಮಾಡಿದ್ದರು. ನಾನು ಕೇಳಿದ್ದಕ್ಕೆ ನಕ್ಕರು.

“ತಪ್ಪು ತಿಳ್ಕೋಬೇಡಿ ಪದ್ಮಾ ಅವರೇ. ನೇವಿಯವರ ಹೆಸರಿದ್ರೆ ಜಡ್ಜ್‌ಗಳಿಗೆ ನಂಬಿಕೆ ಬರುತ್ತೆ.”

“ಈ ಸಲ ನಾನಽ ಬರ್ತೀನ್ರಿ ವಿಜಯವಾಡಕ್ಕ,” ಎಂದೆ. “ಚೀಟೀನೂ ನಾನಽ ಬರೀತೀನಿ. ನಂಬಿಕಿ ಹೆಂಗ ಬರೂದಿಲ್ಲ, ನೋಡ್ತೀನಿ.”

ಮಾತು ಆಡಿದ ಮೇಲೆ ಕೆಲಸ ತಪ್ಪಿಲ್ಲದೆ ಆಗಬೇಕಿತ್ತು. ಒಂದು ತಪ್ಪು ಸಿಕ್ಕಿದರೂ ‘ಹೆಂಗಸು ಮಾಡಿದ್ದಲ್ಲವೇ’ ಎಂದು ಬಿಡುತ್ತಾರೆ. ನಮ್ಮವರು ಸಿಂಗಪುರದಿಂದ ತಂದಿದ್ದ, ಮಾದರಿ ಕಟ್ಟುವ ತುಣುಕುಗಳ ಇನ್ನೊಂದು ಪೆಟ್ಟಿಗೆಯಿತ್ತು. ಅದರಲ್ಲಿದ್ದದ್ದು ವಿಲಾಯಿತಿ ಹಡಗು. ನಮ್ಮವರು ಕೆಲಸ ಮಾಡುತ್ತಿದ್ದ ಹಡಗು ಅದೇ ನಕ್ಷೆಯದು, ಅಕ್ಕನಿಗೆ ತಂಗಿಯಿದ್ದ ಹಾಗೆ. ಅದನ್ನು ತಿದ್ದಿ ನಮ್ಮ ಹಡಗನ್ನೇ ಮಾಡುತ್ತೇನೆ ಎಂದು ಹಟ ಹಿಡಿದೆ. ನಮ್ಮದರ ಹೆಸರು ಹೇಳುವುದಿಲ್ಲ. ಅದು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು, ಆದರೂ ಹೇಳಬಾರದೆಂದು ಕಲಿತ ನಾಲಿಗೆ ಏಳುವುದಿಲ್ಲ.

ಹಡಗು ಮೂರು ತಿಂಗಳ ಪ್ರಯಾಣಕ್ಕೆ ಹೊರಟ ಮರುದಿನವೇ ಗಾಜುವಾಕದ ನಮ್ಮ ಬಾಡಿಗೆ ಮನೆಯ ಊಟದ ಮೇಜು ಹಡಗುಕಟ್ಟೆಯಾಯಿತು. ಪೆಟ್ಟಿಗೆಯಲ್ಲಿ ತುಣುಕುಗಳು ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡೇ ಬರುತ್ತವೆ. ಬ್ಲೇಡಿನಿಂದ ಬಿಡಿಸಬೇಕು, ಉಪ್ಪುಕಾಗದದಿಂದ ಉಜ್ಜಬೇಕು, ಆಮೇಲೆ ಅಂಟು. ಉಳಿದ ಕಡ್ಡಿಯನ್ನೂ ಎಸೆಯುವ ಹಾಗಿಲ್ಲ. ಮೇಣದಬತ್ತಿಯ ಮೇಲೆ ಹಿಡಿದು, ಮೆತ್ತಗಾದ ಕೂಡಲೇ ಎರಡು ತುದಿ ಹಿಡಿದು ಎಳೆದರೆ ಕೂದಲಿಗಿಂತ ಸಣ್ಣ ಎಳೆ ಬರುತ್ತದೆ. ಕಂಬದಿಂದ ಕಂಬಕ್ಕೆ ವೈರ್ಲೆಸ್ ತಂತಿ ಕಟ್ಟಲು ಅದೇ ಬೇಕು. ಇಂದುಧರರು ಎಳೆದರೆ ಮೂರಕ್ಕೆ ಎರಡು ತುಂಡಾಗುತ್ತಿತ್ತು. ನನ್ನದು ಬೇಸಿಗೆಗೆಲ್ಲ ಶಾವಿಗೆ ಹೊಸೆದ ಕೈ, ಒಂದೂ ತುಂಡಾಗಲಿಲ್ಲ.

ನಮ್ಮ ಹಡಗಿನ ವಿವರಗಳೆಲ್ಲ ನನ್ನ ಕಣ್ಣಲ್ಲಿದ್ದವು. ಆರು ವರ್ಷ ಜೆಟ್ಟಿಯಲ್ಲಿ ನಿಂತು ಕಾದವಳಿಗೆ ಹಡಗಿನ ಒಂದೊಂದು ಕಿಟಕಿಯೂ ಗೊತ್ತಿರುತ್ತದೆ. ತೂಗುಹಾಕಿದ ಬೋಟು, ಬಣ್ಣ ಹಚ್ಚಿ ಹಚ್ಚಿ ದಪ್ಪಗಾದ ಏಣಿ, ಲಂಗರಿನ ಕೆಳಗೆ ಎಷ್ಟು ಬಳಿದರೂ ಇಣುಕುವ ತುಕ್ಕಿನ ಗೆರೆ ಎಲ್ಲವನ್ನೂ ಮಾಡಿದೆ. ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದದ ಹಡಗು, ಅದರ ಮೇಲೆ ಜೋಳದ ಕಾಳಿನಷ್ಟು ಎತ್ತರದ ಮನುಷ್ಯರು. ಎರಡೂವರೆ ತಿಂಗಳಿಗೆ ಮುಗಿದೇ ಹೋಯಿತು. ನೋಡಲು ಬಂದ ಇಂದುಧರರು ಬೆರಳಿಂದ ಮುಟ್ಟದೆ, ಕನ್ನಡಕ ಹಣೆಗೇರಿಸಿಕೊಂಡು ಸುತ್ತ ನೋಡಿದರು.

“ಎರಡು ಕಡೆಯೂ ಬೋಟ್ ಇದೆಯಾ ಇದಕ್ಕೆ?”

“ಇರ್ತದಲ್ರಿ.”

“ಪೆಟ್ಟಿಗೆ ಹಡಗಿಗೆ ಇದೆ, ಸರಿ. ನಿಮ್ಮ ಹಡಗಿಗೆ? ಬಲಗಡೆ ನೀವು ನೋಡಿದೀರಾ?”

ನಾನು ನೋಡಿಯೇ ಇರಲಿಲ್ಲ. ನಮ್ಮ ಹಡಗನ್ನು ಜೆಟ್ಟಿಗೆ ಕಟ್ಟುವುದು ಯಾವಾಗಲೂ ಎಡಮಗ್ಗುಲಿಗೇ. ಬಲಕ್ಕೆ ನೀರು, ಇಲ್ಲವೆ ಇನ್ನೊಂದು ಹಡಗು. ನಾವಿಕರ ಮನೆಮಂದಿಯನ್ನು ಹಡಗಿಗೆ ಕರೆದ ದಿನ ಒಮ್ಮೆ ಒಳಗೂ ಹೋಗಿದ್ದೆ. ಶಾಮಿಯಾನ, ಪೂರಿ, ಮಕ್ಕಳ ಗಲಾಟೆಯ ನಡುವೆ ಕಂಡದ್ದು ಮಂದಿಯ ಬೆನ್ನು. ಹಡಗು ಹೊರಡುವಾಗ ನಾವು ಹೆಂಗಸರು ಹಳೇ ಊರಿನ ವೆಂಕಟೇಶ್ವರ ಗುಡ್ಡ ಹತ್ತಿ ನೋಡುವುದು ಪದ್ಧತಿ. ಬಂದರಿನ ಕಾಲುವೆ ಆ ಗುಡ್ಡದ ಬುಡದಲ್ಲೇ ಹಾದು ಸಮುದ್ರ ಸೇರುತ್ತದೆ. ಆಗಲೂ ನಮಗೆ ಕಾಣುವುದು ಎಡಮಗ್ಗುಲೇ. ಆರು ವರ್ಷ ನೋಡಿ ನೋಡಿ, ಅರ್ಧ ಹಡಗನ್ನೇ ಇಡೀ ಹಡಗೆಂದು ತಿಳಿದಿದ್ದೆ! ನನ್ನ ಮೇಲೆ ನನಗೇ ಬಂದ ಸಿಟ್ಟಿಗೆ ಇಂದುಧರರಿಗೆ ಚಹಾ ಕೊಡುವುದನ್ನೂ ಮರೆತೆ.

ಯಜಮಾನರು ಬಂದ ಮೇಲೆ ಕೇಳಬಹುದಲ್ಲ ಎನ್ನುತ್ತೀರಿ. ಅವರು ಎಂಜಿನ್ ರೂಮಿನ ಚೀಫ್. ಹಡಗಿನ ಹೊಟ್ಟೆಯ ಒಂದೊಂದು ನಟ್ಟು ಗೊತ್ತು, ಮೈಯ ಸುದ್ದಿ ಗೊತ್ತಿಲ್ಲ. ಹಿಂದೊಮ್ಮೆ ಹಿಂದಿನ ಬಾಗಿಲಿನ ಬಣ್ಣ ಯಾವುದು ಎಂದು ಕೇಳಿದ್ದಕ್ಕೆ “ಗ್ರೇ” ಎಂದಿದ್ದರು. ಏಣಿ? “ಗ್ರೇ.” ಅವರ ಲೆಕ್ಕದಲ್ಲಿ ನಾನೂ ಗ್ರೇ ಇದ್ದೇನು.

ಉಳಿದದ್ದು ಒಂದೇ ದಾರಿ. ಹೊರಡುವಾಗ ಗುಡ್ಡಕ್ಕೆ ಎಡಮಗ್ಗುಲು ಕಂಡರೆ, ಒಳಗೆ ಬರುವಾಗ ಬಲಮಗ್ಗುಲು ಕಾಣಲೇಬೇಕು. ಆದರೆ ಹಡಗು ಬರುವ ದಿನ ಗುಡ್ಡದ ಮೇಲೆ ಯಾರೂ ಇರುವುದಿಲ್ಲ. ಎಲ್ಲರೂ ಜೆಟ್ಟಿಯಲ್ಲಿ, ಒಗೆದಿಟ್ಟ ಸೀರೆಯಲ್ಲಿ, ಮಲ್ಲಿಗೆ ಮುಡಿದು ನಿಂತಿರುತ್ತಾರೆ. ಮೂರು ತಿಂಗಳ ಮೇಲೆ ಬಂದ ಗಂಡ ಏಣಿ ಇಳಿಯುವಾಗ ಹೆಂಡತಿ ಎದುರಿಗಿಲ್ಲದಿದ್ದರೆ ಅದಕ್ಕೆ ಎರಡೇ ಅರ್ಥ, ಒಂದು ಆಸ್ಪತ್ರೆ, ಇನ್ನೊಂದು ಜಗಳ.

ಪಕ್ಕದ ಮನೆಯ ರಾಜ್ಯಲಕ್ಷ್ಮಿಯ ಗಂಡನೂ ಅದೇ ಹಡಗಿನವರು. ಆಕೆಗೆ ಹೇಳಿದಾಗ ಎರಡೂ ಕೈ ಕೆನ್ನೆಗಿಟ್ಟುಕೊಂಡಳು. “ಬೊಮ್ಮ ಕೋಸಮಾ, ಪದ್ಮಗಾರೂ?” ಎಂದಳು. ಒಂದು ಬೊಂಬೆಗಾಗಿಯೇ ಎಂದು. ಬೊಂಬೆಯಲ್ಲ ತಾಯಿ, ಹಡಗು, ಎಂದೆ. ಆಕೆಗೆ ಅರ್ಥವಾಗಲಿಲ್ಲ. ನನಗೂ ರಾತ್ರಿಯಿಡೀ ಸಮಾಧಾನವಿರಲಿಲ್ಲ. ಅವರ ಮುಖ ನೋಡುವ ಆಸೆ ನನಗಿರಲಿಲ್ಲವೇ? ಇತ್ತು, ಒಂದೊಂದು ದಿನ ಎಣಿಸುವಷ್ಟು ಇತ್ತು. ಆದರೂ ಬೆಳಿಗ್ಗೆ ಕೆಂಪು ಸೀರೆ ಉಟ್ಟು, ಎಲ್ಲರೂ ಜೆಟ್ಟಿಯ ಬಸ್ಸು ಹತ್ತಿದಾಗ ನಾನು ಹಳೇ ಊರಿನ ಬಸ್ಸು ಹತ್ತಿದೆ.

ಗುಡ್ಡದ ಮೇಲೆ ಪೂಜಾರಿ ಮತ್ತು ನಾನು, ಇಬ್ಬರೇ. ಫೋಟೋ ತೆಗೆಯುವ ಹಾಗಿಲ್ಲ, ನನ್ನ ಕಣ್ಣೇ ಕ್ಯಾಮರಾ. ಹಡಗು ಕಾಲುವೆಯ ಬಾಯಿಗೆ ಬಂತು, ನಿಧಾನವಾಗಿ ಕೆಳಗೆ ಹಾದುಹೋಯಿತು. ಬಲಮಗ್ಗುಲಿನಲ್ಲಿ ಬೋಟು ಇರಲೇ ಇಲ್ಲ! ಬೋಟಿನ ಜಾಗದಲ್ಲಿ ಗಿಡ್ಡನೆಯ ಕ್ರೇನು, ಅದರ ಬುಡದಲ್ಲಿ ಸಾಲಾಗಿ ಬಿಳಿ ಪೀಪಾಯಿಗಳು. ಬಿಳಿ ಬಟ್ಟೆಯ ನಾವಿಕರು ಕಟಕಟೆಯುದ್ದಕ್ಕೂ ಸಾಲುಗಟ್ಟಿ ನಿಂತಿದ್ದರು. ಪೀಪಾಯಿಗಳ ಮರೆಯಲ್ಲಿ ಮಾತ್ರ ಕೆಲಸದ ನೀಲಿ ಬಟ್ಟೆಯ ಒಬ್ಬ ಮನುಷ್ಯ ಒಂಟಿಯಾಗಿ ನಿಂತಿದ್ದ. ಮುಖ ಕಾಣುವಷ್ಟು ಹತ್ತಿರವಿರಲಿಲ್ಲ. ಕ್ರೇನು ಎಷ್ಟು ಓರೆ, ಪೀಪಾಯಿ ಎಷ್ಟು, ಮನಸ್ಸಿನಲ್ಲೇ ಗಟ್ಟಿ ಮಾಡಿಕೊಳ್ಳುತ್ತ ಗುಡ್ಡ ಇಳಿದೆ.

ಮನೆಗೆ ಬಂದಾಗ ನಮ್ಮವರು ಬೀಗ ಹಾಕಿದ ಬಾಗಿಲ ಮುಂದೆ ಮೆಟ್ಟಿಲ ಮೇಲೆ ಕೂತಿದ್ದರು, ಪಕ್ಕದಲ್ಲಿ ಚೀಲ.

“ಎಲ್ಲಾರೂ ಬಂದಿದ್ರು,” ಎಂದರು. “ನೀ ಒಬ್ಬಾಕಿ ಇರಲಿಲ್ಲ.”

ಬೀಗ ತೆಗೆದು ಒಲೆ ಹಚ್ಚಿದೆ. ರೊಟ್ಟಿ, ಎಣಗಾಯಿ ಬಡಿಸಿದ ಮೇಲೆ ಹೇಳಿದೆ. “ಗುಡ್ಡಕ್ಕ ಹೋಗಿದ್ದೆ. ನಿಮ್ಮ ಹಡಗಿನ ಬಲಮಗ್ಗಲಾ ನೋಡಬೇಕಿತ್ತು.”

ತುತ್ತು ಹಿಡಿದ ಕೈ ಅಲ್ಲೇ ನಿಂತಿತು. “ಯಾವ ಗುಡ್ಡ?”

“ವೆಂಕಟೇಶ್ವರ ಗುಡೀದು.”

ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಲೆ ತಗ್ಗಿಸಿ ಊಟ ಮುಗಿಸಿದರು, ಮತ್ತೆ ಆ ಮಾತೇ ಎತ್ತಲಿಲ್ಲ. ಸಿಟ್ಟು ಒಳಗೇ ಕುದಿಯುತ್ತಿದೆ ಎಂದುಕೊಂಡೆ. ಅವರು ಹಡಗಿಗೆ ಹೋದಾಗಲೆಲ್ಲ ಕೆಲಸ ಹಚ್ಚಿಕೊಂಡೆ. ಬಲಗಡೆಯ ಬೋಟನ್ನು ಕೆತ್ತಿ ತೆಗೆದೆ. ಕಡ್ಡಿ ಮತ್ತು ಗುಂಡುಸೂಜಿಯಿಂದ ಕ್ರೇನು ಬಂತು, ಖಾಲಿ ರೀಫಿಲ್ಲನ್ನು ತುಂಡು ಮಾಡಿ ಬಿಳಿ ಬಳಿದರೆ ಪೀಪಾಯಿಗಳು. ಕೊನೆಗೆ ಕಡ್ಡಿಯ ಚೂರೊಂದನ್ನು ಕೆತ್ತಿ, ನೀಲಿ ಹಚ್ಚಿ, ಪೀಪಾಯಿಗಳ ಮರೆಯಲ್ಲಿ ಆ ಮನುಷ್ಯನನ್ನೂ ನಿಲ್ಲಿಸಿದೆ. ಕಂಡದ್ದನ್ನು ಬಿಟ್ಟರೆ ಅದೂ ತಪ್ಪೇ.

ವಿಜಯವಾಡಕ್ಕೆ ರಜೆ ಹಾಕಿ ಅವರೂ ಬಂದರು. ಬೇಡವೆನ್ನಲು ನನಗೆ ಧೈರ್ಯವಿರಲಿಲ್ಲ. ರೈಲಿನಲ್ಲಿ ಪೆಟ್ಟಿಗೆ ನನ್ನ ತೊಡೆಯ ಮೇಲೆ. ಗೋದಾವರಿ ಸೇತುವೆಯ ಮೇಲೆ ಬೋಗಿ ಕುಲುಕಿದಾಗ ಅವರೂ ಒಂದು ಕೈ ಕೊಟ್ಟು ಹಿಡಿದರು. ಗಾಂಧಿನಗರದ ಸಭಾಂಗಣದಲ್ಲಿ ಒಲೆಯ ಮುಂದಿನ ಸೆಕೆ. ಹಡಗನ್ನು ಮೇಜಿನ ಮೇಲಿಟ್ಟು, ದಪ್ಪ ಅಕ್ಷರದಲ್ಲಿ ‘ಪದ್ಮಾ’ ಎಂದು ಬರೆದು ನಿಲ್ಲಿಸಿದೆ. ಇಂದುಧರರು ಓದಿ ಮುಂದೆ ಹೋದರು.

ತೀರ್ಪುಗಾರರು ನೌಕಾಪಡೆಯ ನಿವೃತ್ತ ಕಮಾಂಡರು. ಬಿಳಿ ಮೀಸೆ, ಕೈಯಲ್ಲಿ ಭೂತಗನ್ನಡಿ. ಎಡಮಗ್ಗುಲನ್ನು ನೋಡಿ ತಲೆಯಾಡಿಸಿದರು. ಬಲಕ್ಕೆ ಬಂದು ಕ್ರೇನಿನ ಮುಂದೆ ತುಂಬ ಹೊತ್ತು ನಿಂತರು. “ಇದು ಎಷ್ಟೋ ನಾವಿಕರಿಗೇ ಗೊತ್ತಿರೋದಿಲ್ಲ,” ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ಭೂತಗನ್ನಡಿ ಪೀಪಾಯಿಗಳ ಬಳಿ ನಿಂತಿತು.

“ಇವನಾರು? ಹಡಗು ಬಂದರಿಗೆ ಬರುವಾಗ ಡೆಕ್ಕಿನ ಮೇಲೆ ಬಿಳಿ ಬಟ್ಟೆಯವರು ಮಾತ್ರ ಇರಬೇಕು. ಕೆಲಸದ ಬಟ್ಟೆಯವನು ಮೇಲೆ ಬರುವ ಹಾಗೇ ಇಲ್ಲ. ದೊಡ್ಡ ತಪ್ಪು. ಇವನನ್ನು ತೆಗೆದುಬಿಡಿ, ಮೊದಲ ಬಹುಮಾನ ನಿಮ್ಮದೇ.”

ಉಗುರಿನಿಂದ ತಳ್ಳಿದರೆ ಬಿದ್ದುಹೋಗುವ ಚೂರು. “ತೆಗಿಯೂದಿಲ್ಲ,” ಎಂದೆ. ಇಂಗ್ಲಿಷಿನಲ್ಲಿ ಮತ್ತೆ ಹೇಳಿದೆ: “ನಾನು ಕಣ್ಣಾರೆ ಕಂಡಿದ್ದೇನೆ, ಸರ್.”

“ಕಂಡಿರಲಾರಿರಿ.”

ಬಹುಮಾನ ಹೋಯಿತು, ಹೆಸರೂ ಹೋಯಿತು ಎಂದುಕೊಂಡೆ. ಆಗ ನನ್ನ ಹಿಂದೆ ಬೂಟು ಜೋಡಿಸಿದ ಸದ್ದಾಯಿತು. ನಮ್ಮವರು ಅಟೆನ್ಷನ್ನಿನಲ್ಲಿ ನಿಂತಿದ್ದರು.

“ಅದು ನಾನು, ಸರ್,” ಎಂದರು ಹಿಂದಿಯಲ್ಲಿ. “ಚೀಫ್ ರಮಾಕಾಂತ, ಎಂಜಿನ್ ರೂಮು. ಆ ಹೊತ್ತಿನ ಪಾಳಿ ನನ್ನದಿರಲಿಲ್ಲ. ನಿಯಮ ಮುರಿದು ಮೇಲೆ ಬಂದಿದ್ದೆ.”

ಕಮಾಂಡರು ಅವರನ್ನು ನೋಡಿದರು, ಜೋಳದ ಕಾಳಿನಷ್ಟಿದ್ದ ಅವರನ್ನೂ ನೋಡಿದರು. “ಯಾಕೆ?”

ನಮ್ಮವರು ಉತ್ತರವನ್ನು ನನ್ನ ಕಡೆ ತಿರುಗಿ, ಕನ್ನಡದಲ್ಲೇ ಹೇಳಿದರು.

“ಹೊಂಟಾಗ ನೀ ಆ ಗುಡ್ಡದ ಮ್ಯಾಲೆ ನಿಂತಿರ್ತಿ. ಬರೂವಾಗ ಮೊದಲ ಕಾಣೂದು ಅದಽ. ಯಾರೂ ಇರೂದಿಲ್ಲಂತ ಗೊತ್ತು. ಆದ್ರೂ ಪ್ರತಿ ಸಲ ಬಂದು ನೋಡ್ತೀನಿ. ಈ ಸಲ ಯಾರೋ ಕೆಂಪು ಸೀರಿಯಾಕಿ ನಿಂತಿದ್ಲು. ನಿನ್ನಂಗಽ ಕಂಡ್ಲು. ನೀ ಅಂತ ಗೊತ್ತಾದ ಮ್ಯಾಲೆ ಏನ್ ಹೇಳಬೇಕಂತ ತಿಳೀಲಿಲ್ಲ ನನಗ.”

ಆ ಸಭಾಂಗಣದಲ್ಲಿ ನಾನು ಅತ್ತುಬಿಟ್ಟೆ. ನಾಚಿಕೆಯೇನೂ ಆಗಲಿಲ್ಲ. ಕಮಾಂಡರಿಗೆ ಕನ್ನಡ ಬಾರದು, ಇಂದುಧರರು ಅನುವಾದ ಮಾಡಿ ಹೇಳಿದರು. ಮುದುಕರು ಭೂತಗನ್ನಡಿ ಜೇಬಿಗಿಟ್ಟು, “ತಪ್ಪು ನಾವಿಕನದು, ಮಾದರಿಯದಲ್ಲ” ಎಂದರು. ಚೀಟಿಗೆ ಇಬ್ಬರ ಹೆಸರೂ ಸೇರಿಸೋಣವೇ ಎಂದು ಇಂದುಧರರು ಪೆನ್ನು ತೆಗೆದಾಗ ನಮ್ಮವರೇ ತಡೆದರು. “ಬ್ಯಾಡ್ರಿ. ಹಡಗು ಆಕೀದು. ನಾ ಮ್ಯಾಲಿರೋ ಮನಿಷಾ ಅಷ್ಟಽ.”

ಮೊದಲ ಬಹುಮಾನ ಬಂತು, ಬರಬೇಕಾದ್ದೇ. ಹಡಗು ಗುಜರಿಗೆ ಹೋಗುವ ತನಕ, ಅದು ಬಂದ ದಿನವೆಲ್ಲ ರಾಜ್ಯಲಕ್ಷ್ಮಿ ಮಲ್ಲಿಗೆ ಮುಡಿದು ಜೆಟ್ಟಿಯಲ್ಲಿ ನಿಂತಳು. ನಾನು ಕೆಂಪು ಸೀರೆ ಉಟ್ಟು ಗುಡ್ಡ ಹತ್ತಿದೆ. ಮನೆಯ ಬೀಗದ ಕೈ ನಮ್ಮವರ ಹತ್ತಿರವೂ ಒಂದು ಇರಲಿ ಎಂದು ಕೊಟ್ಟಿದ್ದೆ.