ಅಂಕಿತಕ್ಕೆ ಬಾಗದ ತಲೆ

ತತ್ವಪದದ ಕೊನೆಗೆ ಗುರುವಿನ ಹೆಸರಿನ ಅಂಕಿತ ಬಂದಾಗ ಹಾಡುವವನೂ ಕೇಳುವವರೂ ತಲೆ ಬಾಗಿಸುವುದು ಊರ ಮಠದಲ್ಲಿ ಯಾರೂ ಕಲಿಸದೆ ಬಂದ ರೂಢಿ. ಮಡಿವಾಳೆಪ್ಪ ಏಕತಾರಿ ಹಿಡಿದು ಹಾಡತೊಡಗಿದ ಮೇಲೆ ಒಂದು ಸೋಮವಾರದ ಭಜನೆಯಲ್ಲೂ ಅದು ತಪ್ಪಿರಲಿಲ್ಲ.

ಹುಬ್ಬಳ್ಳಿಯಿಂದ ವಿಡಿಯೋ ತೆಗೆಯಲು ಬಂದ ಪ್ರಭಂಜನ ಮೊದಲು ಹಾಡನ್ನಷ್ಟೇ ಟೇಪಿಗೆ ತುಂಬಿಕೊಂಡ. ಆಮೇಲೆ ಮಡಿವಾಳೆಪ್ಪನನ್ನು ಕೆರೆಯ ದಂಡೆಗೆ ನಿಲ್ಲಿಸಿ, ಅದೇ ಟೇಪು ಹಚ್ಚಿ, ಬರೇ ಬಾಯಿ ಆಡಿಸಲು ಹೇಳಿದ. ಅಂಕಿತ ಬಂತು. ಮಡಿವಾಳೆಪ್ಪನ ತಲೆ ತಾನಾಗಿಯೇ ಬಾಗಿತು. ಪ್ರಭಂಜನ ಕ್ಯಾಮರಾ ನಿಲ್ಲಿಸಿದ.

"ಕಾಕಾ, ನೀವು ಬಗ್ಗಿದ್ರ ಬರೇ ತಲಿ ಮ್ಯಾಲಿನ ಪಟಕಾ ಕಾಣ್ತದ. ಮಾರಿ ಮ್ಯಾಲ ಇರ್ಲಿ. ಸ್ವಲ್ಪ ನಗ್ರಿ."

ಮಡಿವಾಳೆಪ್ಪ ಆಗದು ಎನ್ನಬೇಕೆಂದುಕೊಂಡ. ಆದರೆ ತನ್ನ ಮುಖ ಟೀವಿಯಲ್ಲಿ ಬರುವುದೆಂಬ ಆಸೆ ಒಳಗೆ ಕೂತಿತ್ತು. ದನಿ ಟೇಪಿನದು, ತಾನೇನು ನಿಜವಾಗಿ ಹಾಡುತ್ತಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿ, ತಲೆ ಎತ್ತಿಯೇ ನಕ್ಕ.

ಪ್ರಭಂಜನ ಕ್ಯಾಸೆಟ್ ತಂದ ದಿನ ಮಠದ ಪಡಸಾಲೆಯಲ್ಲಿ ಬಾಡಿಗೆ ಟೀವಿ ಇಟ್ಟರು. ಊರೇ ಕೂತಿತ್ತು. ಅಂಕಿತ ಬಂದಾಗ ತಲೆಗಳೆಲ್ಲ ಬಾಗಿದವು. ಅಷ್ಟೂ ತಲೆಗಳ ಮೇಲೆ ಟೀವಿಯಲ್ಲಿ ತನ್ನೊಬ್ಬನ ಮುಖ ಹಲ್ಲು ಕಿರಿಯುತ್ತಿದ್ದುದನ್ನು ಮಡಿವಾಳೆಪ್ಪ ಕಂಡ. ನೋಡುತ್ತ ಕೂತ ಅವನ ತಲೆಯೂ ಬಾಗಿರಲಿಲ್ಲ.

ಬಾಜು ಕೂತ ಗೆಳೆಯ ಈರಬಸಪ್ಪ ಓರೆಗಣ್ಣಿನಿಂದ ಎರಡನ್ನೂ ನೋಡಿದ್ದ. "ಟೀವಿಯೊಳಗ ಹೊಕ್ಕಮ್ಯಾಲ ಗುರುವಿಗೂ ಕುತ್ತಿಗಿ ಬಗ್ಗಂಗಿಲ್ಲೇನಲೇ, ಮಡಿವಾಳ? ಅಲ್ಲಿ ಹಲ್ಲು ಬ್ಯಾರೆ ಕಿಸದೀ!"

ಜನ ನಕ್ಕರು. ತಲೆ ಬಾಗಿದ್ದರಿಂದ ತಾವು ಅದನ್ನು ನೋಡಲೇ ಇಲ್ಲ, ಇನ್ನೊಮ್ಮೆ ಹಚ್ಚಿರಿ ಎಂದರು.

ಮಡಿವಾಳೆಪ್ಪ ಟೀವಿಯ ಬಳಿಯಿದ್ದ ಪ್ರಭಂಜನನ ಹತ್ತಿರ ಹೋಗಿ, ಅಂಕಿತದ ಆ ಜಾಗವೊಂದನ್ನು ಕತ್ತರಿಸಿ ತೆಗೆಯೆಂದು ಬೇಡಿಕೊಂಡ. ಕ್ಯಾಸೆಟ್ಟುಗಳು ಆಗಲೇ ಅಂಗಡಿ ಸೇರಿದ್ದವಂತೆ.

"ಹಾಡು ನಿಮ್ದು ಖರೇ, ಕಾಕಾ. ಚಿತ್ರ ನಂದು. ಅಲ್ಲೇ ನೀವು ಭಾಳ ಚಂದ ಕಾಣ್ತೀರಿ."

ಕ್ಯಾಸೆಟ್ ಮತ್ತೆ ಹಚ್ಚಿದರು. ಎರಡನೆಯ ಸಲ ಅಂಕಿತ ಹತ್ತಿರವಾದಾಗ ಯಾರೂ ಬಾಗಲು ಅಣಿಯಾಗಿರಲಿಲ್ಲ. ಎಲ್ಲರೂ ಕತ್ತು ಚಾಚಿ ಅವನ ನಗೆಗಾಗಿ ಕಾದಿದ್ದರು; ಪದ ಕೇಳುವಾಗ ಕಣ್ಣೇ ತೆರೆಯದ ಮುದುಕಿ ಮಹಾದೇವಕ್ಕ ಕೂಡ. ಮಡಿವಾಳೆಪ್ಪ ಎದ್ದು ಹೋಗಿ ಹೆಗಲ ಮೇಲಿನ ವಲ್ಲಿಯನ್ನು ಟೀವಿಗೆ ಹೊದಿಸಿದ. ಬಟ್ಟೆಯ ಕೆಳಗಿನಿಂದ ಅವನದೇ ದನಿ ಅಂಕಿತ ಹಾಡಿತು. ನಿಂತಲ್ಲೇ ತಲೆ ಬಾಗಿಸಿದ. ಹಿಂದೆ ಯಾರಾದರೂ ಬಾಗಿದರೋ ಇಲ್ಲವೋ, ತಿರುಗಿ ನೋಡುವ ಧೈರ್ಯವಾಗಲಿಲ್ಲ.

"ವಲ್ಲಿ ತಗೀಯೋ ಯಪ್ಪಾ," ಎಂದಳು ಮಹಾದೇವಕ್ಕ, ಮೆಲ್ಲಗೆ. "ಕಾಣವಲ್ದು."