ನಡುಮನೆಯ ಮೀನುಗಳು

"ಓರೆ ಮಾಡ್ರೋ, ಓರೆ ಮಾಡಿ, ಗೋಡೆಗೆ ತಗಲ್ತದೆ" ಎನ್ನುತ್ತ ನಾಲ್ಕು ಜನ ಐಸ್ ಪೆಟ್ಟಿಗೆಯನ್ನು ಬಾಗಿಲಿನಿಂದ ಒಳಗೆ ತೂರಿಸಿ ನಡುಮನೆಯಲ್ಲಿ ಇಳಿಸಿದರು. ಸತ್ತವನ ಸೋದರಮಾವ ಮದನಪಲ್ಲಿಯಿಂದ ತಾಯಲೂರು ಮುಟ್ಟುವಾಗ ಮಧ್ಯಾಹ್ನವಾಗುತ್ತದೆ. ಅಲ್ಲಿಯವರೆಗೆ ಕಾಯಬೇಕು. ಚನ್ನರಾಯಪ್ಪನನ್ನು ಒಳಗೆ ಮಲಗಿಸಿ ಮುಚ್ಚಳ ಹಾಕಿದ ಮೇಲೆ, ಅವನ ತಮ್ಮ ಕದಿರೇಶ ಪೆಟ್ಟಿಗೆಯ ವೈರು ಹಿಡಿದುಕೊಂಡು ಗೋಡೆಗುಂಟ ಹುಡುಕಿದ. ನಡುಮನೆಯಲ್ಲಿ ಇದ್ದದ್ದು ಒಂದೇ ಪ್ಲಗ್ ಪಾಯಿಂಟು. ಅದರಲ್ಲಿ ಮೀನಿನ ತೊಟ್ಟಿಯ ಮೋಟರು ಓಡುತ್ತಿತ್ತು. ಕದಿರೇಶ ಅದನ್ನು ಕಿತ್ತು ಎಸೆದು ಇದನ್ನು ಚುಚ್ಚಿದ.

ಗಂಡನ ಕಾಲ ಬಳಿ ಕೂತಿದ್ದ ರಾಮಲಕ್ಷ್ಮಮ್ಮನಿಗೆ ಏನೋ ಕಡಿಮೆಯಾದಂತೆ ಅನ್ನಿಸಿತು. ಏನೆಂದು ತಕ್ಷಣ ಹೊಳೆಯಲಿಲ್ಲ. ವರ್ಷಗಟ್ಟಲೆ ಹಗಲೂ ರಾತ್ರಿ ಕಿವಿಗೆ ಬೀಳುತ್ತಿದ್ದ ಗುಳುಗುಳು ಸದ್ದು ನಿಂತುಹೋಗಿತ್ತು.

ಜನ ಬರತೊಡಗಿದರು. ಹಾರ ಹಾಕಿದವರೆಲ್ಲ ಒಂದೇ ಮಾತು ಹೇಳಿದರು.

"ಎಂಥಾ ಮನುಷ್ಯ! ಒಂದಿನ ಗಟ್ಟಿಯಾಗಿ ಮಾತಾಡ್ದೋನಲ್ಲ."

"ಯಾರ ತಂಟೆಗೂ ಹೋದೋನಲ್ಲ, ಪಾಪ."

ರಾಮಲಕ್ಷ್ಮಮ್ಮ ಹಲ್ಲು ಕಚ್ಚಿ ಕೂತಿದ್ದಳು. ಹೌದು, ಗಟ್ಟಿಯಾಗಿ ಮಾತಾಡಲಿಲ್ಲ. ಮೆಲ್ಲಗಾದರೂ ಆಡಿದನೇ?

ಮುಳಬಾಗಿಲು ಡಿಪೋದಲ್ಲಿ ಅವನ ಜೊತೆ ಮೆಕ್ಯಾನಿಕ್ ಆಗಿದ್ದ ಆಂಜಿ ಅವಳ ಎದುರು ಕುಕ್ಕರಗಾಲಲ್ಲಿ ಕೂತ. ಅತ್ತು ಅತ್ತು ಅವನ ಕಣ್ಣು ಕೆಂಪಗಾಗಿದ್ದವು. "ನಿನ್ನೆ ಬೆಳಿಗ್ಗೆಯಿಂದ ಎದೆ ಉಜ್ಜಿಕೊಂತಿದ್ರು ಅಕ್ಕಾ. ಕೇಳಿದ್ರೆ ಗ್ಯಾಸು ಅಂದ್ರು. ಆಸ್ಪತ್ರೆಗೆ ಹೋಗಣ ಅಂದ್ರೆ, ಸುಮ್ನಿರೋ, ಯಾಕೆ ಎಲ್ರಿಗೂ ತೊಂದ್ರೆ ಅಂದ್ರು. ಬಸ್ಸಿನ ಕೆಳಗಿಂದ ಎಳೆಯೋ ಹೊತ್ತಿಗೆ..."

ಎದ್ದು ಪೆಟ್ಟಿಗೆಯ ಗಾಜು ಬಡಿಯಬೇಕು ಅನ್ನಿಸಿತು ಅವಳಿಗೆ. ಸಾಯುವಾಗಲೂ ಬಾಯಿ ಬಿಡಲಿಲ್ಲವಲ್ಲ, ಮಹರಾಯ!

ಕಣ್ಣು ಆಚೆ ತಿರುಗಿಸಿದಾಗ ತೊಟ್ಟಿ ಕಂಡಿತು. ಅಂಗೈಗಿಂತ ಅಗಲದ ಎರಡು ಆಸ್ಕರ್ ಮೀನು, ಮೈತುಂಬ ಕರಿ ಮಚ್ಚೆಯ ಜಾಗ್ವಾರ್, ಹಸಿರು ಹೊಳಪಿನ ಗ್ರೀನ್ ಟೆರರ್. ಒಂದರ ನೆರಳು ಕಂಡರೆ ಇನ್ನೊಂದು ಮೇಲೆ ಬೀಳುವ ಆ ನಾಲ್ಕೂ ಈಗ ನೀರಿನ ಮೇಲುಗಡೆ ಒಟ್ಟಿಗೆ ಮೂತಿ ಚಾಚಿ ಬಾಯಿ ಕಳೆಯುತ್ತಿದ್ದವು.

ಅವಳು ಎದ್ದಳು. ಮುತ್ತೈದೆಯರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಕಾಯುತ್ತಿದ್ದರು. ಅವರನ್ನು ದಾಟಿ ಗೋಡೆಯ ಬಳಿ ಹೋಗಿ ಐಸ್ ಪೆಟ್ಟಿಗೆಯ ಪ್ಲಗ್ಗು ಕಿತ್ತಳು. ಮೋಟರಿನದನ್ನು ಚುಚ್ಚಿದಳು.

"ಅತ್ಗೇ, ಏನಾಯ್ತು ನಿಮ್ಗೆ?" ಕದಿರೇಶ ನುಗ್ಗಿ ಬಂದ. "ಅಣ್ಣನಿಗಿಂತ ಮೀನು ಹೆಚ್ಚಾ?"

"ಸತ್ತೋರಿಗೆ ಉಸಿರು ಬೇಕಾಗಿಲ್ಲ. ಅವಕ್ಕೆ ಬೇಕು. ಯಾರನ್ನ ಕೇಳಿ ಕಿತ್ತೆ ನೀನು?"

"ಅಯ್ಯೋ ನಾ ತಮ್ಮುಡಾ!" ಚನ್ನರಾಯಪ್ಪನ ಅಕ್ಕ ದೊಡ್ಡಗಂಗಮ್ಮ ಪೆಟ್ಟಿಗೆಯ ತಲೆದೆಸೆಯಿಂದ ಎದೆ ಬಡಿದುಕೊಂಡಳು. "ನೋಡ್ರಮ್ಮಾ, ಗಂಡನ ಹೆಣ ಬಿಸಿಲಿಗೆ ಬಿದ್ರೂ ಪರವಾಗಿಲ್ಲ ಇವ್ಳಿಗೆ!"

ಆಂಜಿ ಎದ್ದು ಪಕ್ಕದ ಮನೆಯಿಂದ ಉದ್ದನೆಯ ವೈರು ತಂದು, ಅಡಿಗೆಮನೆಯ ಪಾಯಿಂಟಿನಿಂದ ಐಸ್ ಪೆಟ್ಟಿಗೆಗೆ ಕರೆಂಟು ಎಳೆದ. ಎರಡೂ ಓಡಿದವು. ಗಂಡನಿಗೆ ಎಷ್ಟು ಇಷ್ಟವಿತ್ತೋ ಆ ಮೀನು, ಅದಕ್ಕೇ ಪಾಪ ತಡೆಯಲಿಲ್ಲ ಎಂದು ಯಾರೋ ಹೆಂಗಸು ಪಿಸುಗುಟ್ಟಿದಳು.

ಆ ಮೀನುಗಳನ್ನು ಕಂಡರೆ ರಾಮಲಕ್ಷ್ಮಮ್ಮನಿಗೆ ಆಗುತ್ತಿರಲಿಲ್ಲ.

*

ಅವಳು ಮದುವೆಯಾಗಿ ಬಂದಾಗ ಈ ಮನೆ ಪೂರ್ತಿ ದೊಡ್ಡಗಂಗಮ್ಮನದಾಗಿತ್ತು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ತಾಯಿ ಸತ್ತ ಮೇಲೆ ತಮ್ಮಂದಿರಿಬ್ಬರನ್ನೂ ಸಾಕಿದವಳು. ಮನೆಗೆ ಇದ್ದ ಒಂದೇ ಕೋಣೆಯಲ್ಲಿ ಅವಳ ಮಂಚ. ಅಡಿಗೆಮನೆಯ ಒಂದೊಂದು ಡಬ್ಬವೂ ಅವಳು ಇಟ್ಟ ಕಡೆಯೇ ಇರಬೇಕು.

ಬಂದ ಹೊಸತರಲ್ಲಿ ರಾಮಲಕ್ಷ್ಮಮ್ಮ ಉಪ್ಪಿನ ಜಾಡಿಯನ್ನು ಕೈಗೆಟುಕುವ ಹಾಗೆ ಕೆಳಗಿನ ಗೂಡಿನಲ್ಲಿಟ್ಟಳು. ಊಟಕ್ಕೆ ನೆಂಟರು ಕೂತಿದ್ದ ಹೊತ್ತು. ದೊಡ್ಡಗಂಗಮ್ಮ ಸಾರಿನ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದಳು. "ನನ್ನ ಕೇಳ್ದೆ ಜಾಡಿ ಜರುಗಿಸಿದೋಳ ಕೈಯಡಿಗೆ ಈ ಮನೇಲಿ ಯಾರೂ ತಿನ್ನಲ್ಲ" ಅಂದಳು. ಚನ್ನರಾಯಪ್ಪ ಎಲೆ ನೋಡುತ್ತ ಬರೀ ಅನ್ನ ಕಲಸಿದ.

ಮಗಳು ಅನಿತ ಹುಟ್ಟಿದಳು, ಬೆಳೆದಳು, ಮದುವೆಯಾಗಿ ಮಾಲೂರಿಗೆ ಹೋದಳು. ಗಂಡ ಹೆಂಡತಿ ಮಾತ್ರ ನಡುಮನೆಯಲ್ಲೇ ಚಾಪೆ ಹಾಸುತ್ತಿದ್ದರು. ಅವಳ ತವರಿನ ಪೆಟ್ಟಿಗೆ ಅಟ್ಟದಿಂದ ಇಳಿಯಲೇ ಇಲ್ಲ. ಕೊನೆಗೆ ಆ ನಡುಮನೆಗೂ ಆಳುದ್ದದ ಗಾಜಿನ ತೊಟ್ಟಿ ಬಂತು. ಕೋಲಾರದಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಕೊಟ್ಟರಂತೆ. ಕಿಟಕಿ ಕೆಳಗೆ ಅವಳು ಕೂತು ಹೂ ಕಟ್ಟುತ್ತಿದ್ದ ಜಾಗವನ್ನು ಅದು ನುಂಗಿತು.

*

ಸೋದರಮಾವ ಬಂದ. ಹೆಣ ಎತ್ತಿದರು. ತಮಟೆ ಸದ್ದು ಕೆರೆ ಕಡೆಗೆ ದೂರವಾಗುತ್ತಿದ್ದಂತೆ ಹೆಂಗಸರು ಮನೆ ತೊಳೆಯತೊಡಗಿದರು. ಅನಿತ ತಾಯಿಯ ಭುಜದ ಮೇಲೆ ತಲೆಯಿಟ್ಟು ಬಿಕ್ಕುತ್ತಿದ್ದಳು.

"ಅಳಮ್ಮಾ, ನೀನೂ ಅತ್ತುಬಿಡು. ಒಳಗೇ ಇಟ್ಕೋಬೇಡ."

"ಬರ್ತಿಲ್ಲ ಕಣೇ. ಸಿಟ್ಟು ಬರ್ತಿದೆ."

"ಯಾರ ಮೇಲೆ?"

ಮಣ್ಣಿಗಿಳಿಯುತ್ತಿರುವವನ ಮೇಲೆ ಎಂದು ಮಗಳಿಗೆ ಹೇಗೆ ಹೇಳುವುದು?

*

ಜಾಗ್ವಾರ್ ಮೀನು ತನ್ನ ಪಾಲಿನ ಮೂಲೆಗೆ ಬಂದ ಹೊಸ ಆಸ್ಕರನ್ನು ಕಚ್ಚಿ ಕೊಂದ ದಿನ ಚನ್ನರಾಯಪ್ಪ ಡ್ಯೂಟಿಗೆ ಹೋಗಿರಲಿಲ್ಲ. ಊಟವನ್ನೂ ಮಾಡಿರಲಿಲ್ಲ. ಆಮೇಲೆ ಹೊಸ ಮೀನು ಬಿಡುವುದು ಹೇಗೆಂದು ಯಾರು ಯಾರನ್ನೋ ಕೇಳಿಕೊಂಡು ಬಂದ. ಗ್ರೀನ್ ಟೆರರನ್ನು ತಂದ ಭಾನುವಾರ, ಅದನ್ನು ನೀರಿಗೆ ಬಿಡುವ ಮೊದಲು ತೋಳು ಮಡಚಿ ತೊಟ್ಟಿಯಲ್ಲಿದ್ದ ಕಲ್ಲುಗಳನ್ನೆಲ್ಲ ಎತ್ತಿ ಹೊರಗಿಟ್ಟ. ಗುಹೆಯಂತೆ ಜೋಡಿಸಿದ್ದನ್ನು ಕೆಡವಿದ. ಮರಳು ಕಲಕಿದ. ಈ ಕಡೆಯ ಬಂಡೆ ಆ ಕಡೆಗೆ, ಆ ಕಡೆಯದು ನಡುವಿಗೆ.

"ಚೆನ್ನಾಗೇ ಇತ್ತಲ್ಲ, ಯಾಕೆ ಕೆಡಿಸ್ತೀರಿ?" ಅಂದಳು ನೆಲ ಒರೆಸುತ್ತಿದ್ದ ರಾಮಲಕ್ಷ್ಮಮ್ಮ.

ಅವನ ಮುಖದಲ್ಲಿ ಅಪರೂಪಕ್ಕೆ ಹುರುಪಿತ್ತು. "ಹಳೇ ಮೀನಿಗೆ ಇದು ನಂದು ಅನ್ನೋ ಜಾಗ ಇರ್ತದೆ. ಹೊಸದು ಬಂದ್ರೆ ಕೊಲ್ತದೆ. ಎಲ್ಲಾ ಜರುಗಿಸಿಬಿಟ್ರೆ ಹಳೇದಕ್ಕೂ ಮನೆ ಹೊಸದೇ. ಆಗ ಎರಡೂ ಬದುಕ್ಕೊಂತವೆ."

ಅವಳು ಒರೆಸುವ ಬಟ್ಟೆಯನ್ನು ಬಕೀಟಿಗೆ ಹಾಕಿದಳು.

"ನಾನು ಬಂದಾಗ ಈ ಮನೇಲಿ ಒಂದು ಜಾಡಿ ಜರುಗಿಸಿದ್ರಾ ನೀವು?"

ಅವನ ಕೈ ನೀರಿನಲ್ಲೇ ನಿಂತಿತು. "ಅಕ್ಕ ನಮ್ಮನ್ನ ಸಾಕಿದ್ದಾಳೆ ಕಣೇ" ಅಂದ. ಮತ್ತೆ ಕಲ್ಲು ಜೋಡಿಸತೊಡಗಿದ.

ಆ ವಿಷಯಕ್ಕೆ ಅವನು ಬಾಯಿ ಬಿಟ್ಟದ್ದು ಅದೊಂದೇ ಸಲ.

*

ಮಣ್ಣು ಮಾಡಿ ಬಂದವರು ಸ್ನಾನ ಮುಗಿಸಿ ಜಗಲಿಯಲ್ಲಿ ಕೂತಿದ್ದರು. ಇನ್ನೂ ಬಿಸಿಲಿತ್ತು. ದೊಡ್ಡಗಂಗಮ್ಮ ಒಳಗೆ ನಡುಮನೆಯ ಕಂಬಕ್ಕೊರಗಿ, ಅತ್ತ ದನಿಯಲ್ಲೇ ಏರ್ಪಾಡು ಶುರು ಮಾಡಿದಳು.

"ಕದಿರೇಶ, ನಾಳೆ ಆ ಮೀನು ಎತ್ಕೊಂಡೋಗಿ ಕೆರೆಗೆ ಬಿಡು. ಆ ಕಿಟಕಿ ಕೆಳಗೆ ನನ್ನ ಮಂಚ ಹಾಕು, ಕೋಣೇಲಿ ಸೆಕೆ. ಕೋಣೆಗೆ ಬೀಗ ಹಾಕ್ಕೊಂತೀನಿ."

"ಅಮ್ಮ ಎಲ್ಲಿ ಮಲಗ್ಬೇಕು ಅತ್ತೇ?" ಎಂದಳು ಅನಿತ.

"ಅಡಿಗೆಮನೆ ಇದೆಯಲ್ಲ. ನಾನು ತಾಳಿ ಕಿತ್ತಿಟ್ಟು ಬಂದಾಗ ನಮ್ಮವ್ವ ನನ್ನ ಮಲಗ್ಸಿದ್ದು ಒಲೆ ಪಕ್ಕದಲ್ಲೇ. ಹದಿನೇಳು ವಯಸ್ಸು ನಂಗೆ. ಇವ್ಳೇನು ಹೆಚ್ಚಾ?"

ಕದಿರೇಶ ನೆಲ ನೋಡಿದ. ಅವನ ಅಣ್ಣ ಎಲೆ ನೋಡಿದ ಹಾಗೆಯೇ. ರಾಮಲಕ್ಷ್ಮಮ್ಮನ ಮೈ ಉರಿಯಿತು.

"ಅನಿತಾ, ಏಳು."

ಕೋಣೆಗೆ ಹೋಗಿ ದೊಡ್ಡಗಂಗಮ್ಮನ ಮಂಚದ ಹಾಸಿಗೆಯನ್ನು ಸುತ್ತಿ ಕೆಳಗಿಟ್ಟಳು. "ಆ ಕಡೆ ಹಿಡ್ಕೊ."

ಮಂಚದ ಕಾಲು ನೆಲ ಕೆರೆಯುತ್ತ ಬಂತು. "ಏಯ್! ಏನೇ ಅದು? ಸೂತಕದ ಮನೇಲಿ! ಲೇ ಕದಿರೇಶ!" ದೊಡ್ಡಗಂಗಮ್ಮ ಅಡ್ಡ ನಿಂತಳು. ರಾಮಲಕ್ಷ್ಮಮ್ಮ ನಿಲ್ಲಲಿಲ್ಲ. ಮಂಚವನ್ನು ಅಡಿಗೆಮನೆ ಬಾಗಿಲಿನ ಪಕ್ಕ ನಡುಮನೆಯ ಗೋಡೆಗೆ ಹಾಕಿದಳು. ರಾಗಿ ಡ್ರಮ್ಮನ್ನು ಉರುಳಿಸಿಕೊಂಡು ಹೋಗಿ ಕೋಣೆಯಲ್ಲಿಟ್ಟಳು. ಟೀವಿ ಮೇಜು ಕಂಬದ ಹತ್ತಿರಕ್ಕೆ ಬಂತು. ಅಡಿಗೆಮನೆಯ ಗೂಡುಗಳಿಂದ ಡಬ್ಬಗಳನ್ನೆಲ್ಲ ಇಳಿಸಿ, ತನ್ನ ಕೈಯಿಂದಲೇ ಬೇರೆ ಬೇರೆ ಕಡೆ ಇಟ್ಟಳು. ತನಗೂ ನಾಳೆ ಹುಡುಕಬೇಕಾಗುವ ಹಾಗೆ.

"ಅತ್ಗೇ, ಸಾಕು ಬಿಡಿ, ಜನ ನೋಡ್ತಿದ್ದಾರೆ" ಎಂದ ಕದಿರೇಶ ಒಳಗೆ ಬಂದು.

"ನೋಡ್ಲಿ. ನಿಮ್ಮಣ್ಣ ಮೂವತ್ತು ವರ್ಷ ಜನ ನೋಡ್ತಾರೆ ಅಂತಲೇ ಸುಮ್ನಿದ್ದ. ನೀನು ಆ ಅಟ್ಟದ ಪೆಟ್ಟಿಗೆ ಇಳ್ಸು. ಮೀನಿನ ತಂಟೆಗೆ ಯಾರೂ ಹೋಗ್ಬೇಡಿ."

ಕದಿರೇಶ ಅಕ್ಕನ ಮುಖ ನೋಡಿದ, ಅತ್ತಿಗೆಯ ಮುಖ ನೋಡಿದ. ಆಮೇಲೆ ಏಣಿ ತಂದ.

ಸಂಜೆ ಪಕ್ಕದ ಮನೆಯ ಆದಿಲಕ್ಷ್ಮಿ ಅನ್ನ, ಬಸ್ಸಾರು ಮಾಡಿ ತಂದಳು. ತಟ್ಟೆಗಳಿಗೆ ಬಡಿಸಿ ಒಬ್ಬೊಬ್ಬರ ಕೈಗೂ ಕೊಟ್ಟಳು. ಎಲ್ಲರೂ ಸಿಕ್ಕಲ್ಲಿ ಕೂತರು. ದೊಡ್ಡಗಂಗಮ್ಮ ಮಾತ್ರ ತಟ್ಟೆ ಹಿಡಿದು ಕೋಣೆಯ ಕಡೆ ಹೆಜ್ಜೆ ಹಾಕಿ, ನಿಂತು, ಕಂಬದ ಕಡೆ ತಿರುಗಿ, ಅಲ್ಲಿ ಟೀವಿ ಕಂಡು ಮತ್ತೆ ನಿಂತಳು. ಸಾರಿನ ಹಬೆ ಅವಳ ಮುಖಕ್ಕೆ ಬಡಿಯುತ್ತಿತ್ತು.

ಎದುರಿಗೆ ರಾಮಲಕ್ಷ್ಮಮ್ಮನೂ ತನ್ನ ತಟ್ಟೆ ಹಿಡಿದು, ಎಲ್ಲಿ ಕೂರುವುದೆಂದು ತಿಳಿಯದೆ ನಿಂತಿದ್ದಳು.